ಸೋಗಿನ ಬಂಡಿಯ ಸೇನಾಪತಿ

ಬಾಗಲಕೋಟೆಯಿಂದ ಹೊರಡುವ ಒಂದು ವಾರಪತ್ರಿಕೆಗೆ ನಾನು ವ್ಯಂಗ್ಯಚಿತ್ರ ಬರೆಯುತ್ತೇನೆ. ಹೊಟ್ಟೆಪಾಡಿಗಲ್ಲ. ಹೊಟ್ಟೆಪಾಡಿಗೆ ಬಾದಾಮಿಯ ಹೈಸ್ಕೂಲೊಂದರಲ್ಲಿ ಡ್ರಾಯಿಂಗ್ ಮಾಸ್ತರನಾಗಿದ್ದೆ. ಮಕ್ಕಳ ಕೈಯಲ್ಲಿ ಮಡಕೆ, ಮಾವಿನಹಣ್ಣು, ಎರಡು ಗುಡ್ಡದ ನಡುವಿನ ಸೂರ್ಯ ಇವನ್ನೇ ತೆಗೆಸಿ ತೆಗೆಸಿ ನಿವೃತ್ತನಾದೆ. ವ್ಯಂಗ್ಯಚಿತ್ರ ನನ್ನ ಚಟ. ಎಲೆ ಅಡಿಕೆ ಬಿಟ್ಟೆ, ಇದನ್ನು ಬಿಡಲಾಗಲಿಲ್ಲ. ಎದುರಿಗೆ ಕೂತವರ ಮೂಗು, ಗದ್ದ, ಹೊಟ್ಟೆ ನೋಡುತ್ತಿದ್ದ ಹಾಗೆ ಬೆರಳು ತುರಿಸತೊಡಗುತ್ತವೆ. ಬೀಗರ ಮನೆಗೆ ಹೋಗುವಾಗ ಜೇಬಿನಲ್ಲಿ ಪೆನ್ನು ಇಟ್ಟುಕೊಳ್ಳಕೂಡದೆಂದು ಹೆಂಡತಿ ಕಟ್ಟಪ್ಪಣೆ ಮಾಡಿದ್ದಾಳೆ.

ಊರವರನ್ನೇ ಚಿತ್ರದಲ್ಲಿ ತೆಗೆಯಲು ಹೋದರೆ ತಾಪತ್ರಯ ಒಂದೆರಡಲ್ಲ. ರಸ್ತೆಯ ತಗ್ಗು ತೆಗೆದರೆ ಗುತ್ತಿಗೆದಾರ ಫೋನ್ ಮಾಡುತ್ತಾನೆ. ಗಟಾರ ತೆಗೆದರೆ ಆ ವಾರ್ಡಿನ ಮೆಂಬರು ಮನೆಗೇ ಬಂದು ಚಹಾ ಕುಡಿದು ಬೆದರಿಸಿ ಹೋಗುತ್ತಾನೆ. ಒಮ್ಮೆ ಒಂದು ಎಮ್ಮೆ ತೆಗೆದಿದ್ದೆ, ಬರೀ ಎಮ್ಮೆ. ಅದು ತಾವೇ ಎಂದು ಇಬ್ಬರು ಮುಖಂಡರು ಬೇರೆ ಬೇರೆಯಾಗಿ ಜಗಳಕ್ಕೆ ಬಂದರು. ಕೊನೆಗೆ ಸಂಪಾದಕರೂ ನಾನೂ ಕೂತು ಒಂದು ತೀರ್ಮಾನಕ್ಕೆ ಬಂದೆವು. ಊರಿನ ಗೊಡವೆ ಸ್ವಲ್ಪ ದಿನ ಸಾಕು, ಪರದೇಶದವರನ್ನು ತೆಗೆಯೋಣ. ಪರದೇಶದ ದೊಡ್ಡವರು ಬಾಗಲಕೋಟೆಗೆ ಫೋನ್ ಮಾಡುವುದಿಲ್ಲ.

ಆ ವರ್ಷ ಹೋಳಿಗೆ ಮುಂಚೆ ಒಂದು ದೊಡ್ಡ ದೇಶ, ಹೆಸರು ಯಾಕೆ, ದೂರದ ಒಂದು ಸಣ್ಣ ದೇಶದ ಮೇಲೆ ದಂಡೆತ್ತಿ ಹೋಗಿತ್ತು. ಹೋಗುವಾಗ ಟಿವಿಯ ತುಂಬ ಹಡಗು, ವಿಮಾನ, ಎದೆಯ ಮೇಲೆ ಪದಕ ಹೊತ್ತ ಸೇನಾಪತಿಯ ಮಾತು. ಊಟಕ್ಕೆ ಹೋಗಿ ಕೈ ತೊಳೆದು ಬಂದಷ್ಟು ಸಲೀಸು ಎಂಬಂತೆ ಹೇಳಿದ್ದ. ಮುಂದೆ ಏನೇನೋ ಆಗಿ, ಹಡಗುಗಳು ಬಂದ ದಾರಿಯಲ್ಲೇ ತಿರುಗಿದವು. ಅದೇ ಸೇನಾಪತಿ ಅದೇ ಮೈಕಿನ ಮುಂದೆ ನಿಂತು, ನಾವು ಅಂದುಕೊಂಡದ್ದೆಲ್ಲ ಸಾಧಿಸಿದೆವು ಎಂದ. ಆ ಮುಖ ನೋಡಿ ನನಗೆ ತಡೆಯಲಾಗಲಿಲ್ಲ.

ಅವನನ್ನು ಎತ್ತಿನ ಬಂಡಿಯ ಮೇಲೆ ಕುರ್ಚಿ ಹಾಕಿ ಕೂಡಿಸಿದೆ, ಬಂಡಿ ಹೊರಟ ದಿಕ್ಕಿಗೆ ಬೆನ್ನು ಮಾಡಿ. ಕುತ್ತಿಗೆಯಿಂದ ಮೊಣಕಾಲಿನವರೆಗೆ ಪದಕ. ಬೂಟು ಮಾತ್ರ ಕಾಲಲ್ಲಿಲ್ಲ, ಲೇಸು ಕಟ್ಟಿ ಕೊರಳಿಗೆ ಹಾಕಿದ್ದೆ. ಬರಿಗಾಲ ತುಂಬ ಬೊಬ್ಬೆ. ಬಂಡಿಯ ಹಿಂದೆ ಅವನ ಸೈನಿಕರ ಸಾಲು: ನೀರಿನಲ್ಲಿ ತೊಯ್ದ ಕೋಳಿಗಳ ಹಾಗೆ, ಬಂದೂಕಿನ ತುದಿ ನೆಲಕ್ಕೆ, ತಲೆಯ ಮೇಲೆ ಎರಡೆರಡು ಪುಕ್ಕ. ಬಂಡಿಗೆ ಒಂದು ಬೋರ್ಡು ಬರೆದೆ: "ಗೆದ್ದು ಬಂದೇವ್ರಿ!" ಅಷ್ಟೇ. ಪತ್ರಿಕೆ ಬಂದ ದಿನವೇ ಯಾರೋ ಅದರ ಫೋಟೋ ಹೊಡೆದು ವಾಟ್ಸಾಪಿಗೆ ಬಿಟ್ಟರು. ಶಿರೂರಿನಿಂದ, ಹುನಗುಂದದಿಂದ ಹಳೆಯ ವಿದ್ಯಾರ್ಥಿಗಳು ಫೋನ್ ಮಾಡಿ ನಕ್ಕರು. ನನಗೆ ನೆಲ ಕಾಣಲಿಲ್ಲ.

ಆ ವಾರ ಅಕ್ಕನ ಮನೆಗೆ ಹೋದೆ. ಅಕ್ಕ ಭಾವ ಇರುವುದು ಹಳೆಯ ಬಾಗಲಕೋಟೆಯಲ್ಲಿ, ಅಣೆಕಟ್ಟಿನ ಹಿನ್ನೀರು ಮುಟ್ಟದೆ ಉಳಿದ ಎತ್ತರದ ಓಣಿಯಲ್ಲಿ. ನಾನು ನವನಗರಕ್ಕೆ ಬಂದು ಬಹಳ ಕಾಲವಾಯಿತು. ಭಾವನನ್ನು ನಾವು ಮಾಮಾ ಎನ್ನುತ್ತೇವೆ. ಗುಡೂರಿನವರು, ಮಿಲಿಟರಿಯಲ್ಲಿದ್ದು ಬಂದವರು. ಬಂದ ಮೇಲೆ ಒಂದು ಬ್ಯಾಂಕಿನ ಬಾಗಿಲಲ್ಲಿ ಬಂದೂಕು ಹಿಡಿದು ನಿಂತು ಅದೂ ಮುಗಿಯಿತು. ಕಡಿಮೆ ಮಾತಿನ ಮನುಷ್ಯ. ಪತ್ರಿಕೆಯನ್ನು ನಾಲ್ಕು ಮಡಿಕೆ ಮಾಡಿ ಹಾಸಿಗೆಯ ಕೆಳಗಿಟ್ಟಿದ್ದರು. ಅಲ್ಲಿಂದ ತೆಗೆದು, ಅಡುಗೆಮನೆಯ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ ಹೇಳಿದರು.

"ಸೇನಾಪತಿನ್ನ ಭಾಳ ಚೊಲೊ ತಗದೀದಿ ತಮ್ಮಾ. ಇಂಥಾವರನ್ನ ನಾ ಕಣ್ಣಾರೆ ನೋಡೇನಿ. ಆದ್ರ ಹಿಂದ ನಡಕೋಂತ ಹೊಂಟವರನ್ನ ಯಾಕ ಕೋಳಿ ಮಾಡೀದಿ?"

"ಮಾಮಾ, ಅವರೇನ್ ನಮ್ಮವರಲ್ಲಲ್ಲ."

"ಬೂಟಿನ್ಯಾಗ ನೀರು ಹೊಕ್ಕ ಮ್ಯಾಲ ಎಲ್ಲಾ ದೇಶದವ್ರ ಕಾಲೂ ಒಂದ ನಮೂನಿ ಬೆಳ್ಳಗಾಗ್ತಾವ" ಎಂದರು. ಸಿಟ್ಟಿನಿಂದ ಹೇಳಲಿಲ್ಲ. ಹವಾಮಾನದ ಸುದ್ದಿ ಹೇಳಿದ ಹಾಗೆ ಹೇಳಿದರು.

ಅವರು ಅಡುಗೆಮನೆಯ ಕಡೆ ಯಾಕೆ ನೋಡಿದರು ಎಂಬುದು ನನಗೆ ಗೊತ್ತಿತ್ತು. ಒಳಗೆ ಅಕ್ಕನ ಜೊತೆ ಒಬ್ಬ ಮುದುಕಿ ಕೂತಿದ್ದರು. ಇಳಕಲ್ಲಿನವರು, ನೇಕಾರರ ಮನೆಯವರು. ಒಂದು ಕಣ್ಣಿಗೆ ಬಟ್ಟೆ ಕಟ್ಟಿತ್ತು. ಕಣ್ಣಿನ ಪೊರೆ ತೆಗೆಸಲೆಂದು ಮಾಮಾ ಅವರನ್ನು ಕರೆತಂದು ಆಪರೇಷನ್ ಮಾಡಿಸಿ, ಡಾಕ್ಟರು ಹೂಂ ಅನ್ನುವವರೆಗೆ ಇರಲಿ ಎಂದು ಮನೆಯಲ್ಲೇ ಇಟ್ಟುಕೊಂಡಿದ್ದರು. ರಕ್ತಸಂಬಂಧವಿಲ್ಲ. ಆಕೆಯ ಮಗನೂ ಮಾಮಾನೂ ಒಂದೇ ದಿನ ಭರ್ತಿಯಾಗಿ ಒಂದೇ ತುಕಡಿಯಲ್ಲಿ ಇದ್ದವರು.

ನಮ್ಮ ದೇಶದ ಸೈನ್ಯ ಒಮ್ಮೆ ಸಮುದ್ರ ದಾಟಿ ಒಂದು ದ್ವೀಪಕ್ಕೆ ಹೋಗಿತ್ತು. ಆಗ ಮಾಮಾ ಇನ್ನೂ ಮೀಸೆ ಚಿಗುರಿದ ಹುಡುಗ. ಶಾಂತಿ ಮಾಡಿಸಲಿಕ್ಕೆ ಅಂತ ಹೋದವರು, ಯಾರ ಮೇಲೆ ಗುಂಡು ಹಾರಿಸಬೇಕು ಯಾರನ್ನು ಕಾಯಬೇಕು ತಿಳಿಯದೆ ಕಾಡಿನಲ್ಲಿ ಕಾಲ ಕಳೆದರು. ಬಹಳ ಮಂದಿ ಸತ್ತರು. ಇಳಕಲ್ಲಿನ ಆ ಹುಡುಗನೂ ಸತ್ತ. ಆಮೇಲೆ ಒಂದು ದಿನ ಹೊಳ್ಳಿ ಬರ್ರಿ ಅಂದರು, ಬಂದರು. "ಗೆದ್ದೂ ಇಲ್ಲ, ಸೋತೂ ಇಲ್ಲ. ಯಾಕ ಹೋಗಿದ್ವಿ ಅಂತ ಕೇಳಿದ್ರ ಹೇಳಾಕ ಬಾಯಿ ಇಲ್ಲ" ಎಂದು ಮಾಮಾ ಒಮ್ಮೆ ನನಗೆ ಹೇಳಿದ್ದರು. ಅಷ್ಟೇ, ಮತ್ತೆ ಆ ವಿಷಯ ಎತ್ತಿರಲಿಲ್ಲ.

ಬಂದವರೇ ಮೊದಲು ಇಳಕಲ್ಲಿಗೆ ಹೋದರಂತೆ, ಗೆಳೆಯನ ತಗಡಿನ ಟ್ರಂಕು ಹೊತ್ತುಕೊಂಡು. ತಾಯಿ ಮಗ್ಗದ ಕುಣಿಯಲ್ಲಿ ಕೂತಿದ್ದಳಂತೆ. ಸತ್ತ ಸುದ್ದಿ ಮೊದಲೇ ಮುಟ್ಟಿತ್ತು. ಆಕೆ ಅಳಲಿಲ್ಲ, ಕೇಳಿದ್ದು ಒಂದೇ ಮಾತು: "ಗೆದ್ರೇನಪಾ?" ಮಾಮಾ, "ಗೆದ್ವಿ ಯವ್ವಾ" ಎಂದುಬಿಟ್ಟರು. ಬೇರೆ ಏನು ಹೇಳಬಹುದಿತ್ತು, ನೀವೇ ಹೇಳಿ. ಅವತ್ತಿನಿಂದ ಆಕೆ ಆ ಒಂದು ಮಾತಿನ ಮೇಲೆ ನಿಂತಳು. ಓಣಿಯಲ್ಲಿ ಯಾರಾದರೂ ಪಾಪ ಎಂದರೆ, "ಪಾಪ ಯಾಕ? ನನ್ನ ಮಗ ಗೆದ್ದ ಮ್ಯಾಲ ಹೋಗ್ಯಾನ" ಎನ್ನುತ್ತಿದ್ದಳು. ಅವಳಿಗೆ ಓದು ಬರುವುದಿಲ್ಲ. ಓದು ಬರುವವರು ಅವಳ ಮುಂದೆ ಬಾಯಿ ಬಿಡಲಿಲ್ಲ.

ಆ ಗೆಲುವು ವರ್ಷದಿಂದ ವರ್ಷಕ್ಕೆ ಬೆಳೆಯಿತು. ಮಾಮಾ ಇಳಕಲ್ಲಿಗೆ ಹೋದಾಗಲೆಲ್ಲ ಆಕೆ ರೊಟ್ಟಿ ಬಡಿದು ಹಾಕಿ, ಎದುರಿಗೆ ಕೂತು, ಮತ್ತೊಮ್ಮೆ ಹೇಳು ಎನ್ನುತ್ತಿದ್ದಳು. ಬಾವುಟ ಹಾರಿಸಿದ್ದು, ಅಲ್ಲಿನ ಜನ ಎಳನೀರು ಕೊಟ್ಟಿದ್ದು, ಸಾಹೇಬರು ನಿಮ್ಮ ಮಗನ ಹೆಸರು ಹಿಡಿದು ಹೊಗಳಿದ್ದು. ಹೀಗೆ ಒಂದೊಂದೇ ಸೇರುತ್ತ ಹೋಯಿತು. ಕಡಿಮೆ ಮಾತಿನ ಮಾಮಾ ಅಲ್ಲಿ ಮಾತ್ರ ಪುರಾಣ ಹೇಳುವವರ ಹಾಗೆ ಹೇಳುತ್ತಿದ್ದರಂತೆ.

"ಆಕಿ ಇರೂತನಕ ಇದೊಂದು ಕಾಯಬೇಕು ತಮ್ಮಾ" ಎಂದರು ಅವತ್ತು, ಪತ್ರಿಕೆಯನ್ನು ಮತ್ತೆ ಹಾಸಿಗೆಯ ಕೆಳಗೆ ತಳ್ಳುತ್ತ. "ಪೇಪರಿಂದು ನನಗ ಅಂಜಿಕಿಲ್ಲ, ಆಕಿಗೆ ಅಕ್ಷರ ಬರಂಗಿಲ್ಲ. ಆದ್ರ ನೀ ಚಿತ್ರ ತಗೀತಿ. ಚಿತ್ರಕ್ಕ ಅಕ್ಷರ ಬೇಕಿಲ್ಲ. ನಾಳಿಗಿ ಕಣ್ಣಿನ ಬಟ್ಟಿ ಬಿಚ್ಚತಾರ. ದಂಡು ಹೋಗಿ ಹಿಂಗೂ ಹೊಳ್ಳಿ ಬರ್ತೈತಿ ಅಂತ ಆಕಿಗೆ ಅನಸಬಾರದು."

ಇದೇನು ದೊಡ್ಡ ಮಾತು, ಆ ಪತ್ರಿಕೆ ಆಕೆಯ ಕಣ್ಣಿಗೆ ಬೀಳಲು ಬಿಡುವುದಿಲ್ಲ ಎಂದೆ. ಮುಗಿಯಿತು ಅಂದುಕೊಂಡು ಅಕ್ಕ ಕೊಟ್ಟ ಚಹಾ ಕುಡಿದು ಮನೆಗೆ ಬಂದೆ.

ಬಾಗಲಕೋಟೆಯ ಹೋಳಿ ನೋಡದವರಿಗೆ ಒಂದು ಮಾತು ಹೇಳಬೇಕು. ಅರ್ಧ ಊರು ನೀರಿನಲ್ಲಿ ಹೋಗಿ, ಉಳಿದವರಲ್ಲಿ ಬಹಳ ಮಂದಿ ನವನಗರಕ್ಕೆ ಹೋಗಿ ಸೆಕ್ಟರು ಯೂನಿಟ್ಟು ಅಂತ ಹರಿದು ಹಂಚಿಹೋದರೂ, ಹೋಳಿಗೆ ಮಾತ್ರ ಎಲ್ಲರೂ ಹಳೆಯ ಪೇಟೆಗೆ ಬರುತ್ತಾರೆ. ಚರ್ಮದ ಹಲಗೆಯ ಬಡಿತ ಕಿವಿಗೆ ಬಿದ್ದರೆ ಕಾಲು ನಿಲ್ಲುವುದಿಲ್ಲ. ಬಣ್ಣದಾಟ ಒಂದು ಕಡೆ, ಸೋಗಿನ ಬಂಡಿ ಇನ್ನೊಂದು ಕಡೆ. ಪೇಟೆಯ ಹುಡುಗರು ವೇಷ ಹಾಕಿ, ಬಂಡಿ ಕಟ್ಟಿ, ಆ ವರ್ಷ ಯಾರನ್ನು ಅಣಕಿಸಬೇಕೋ ಅವರನ್ನು ಅಣಕಿಸುತ್ತ ಓಣಿ ಓಣಿ ತಿರುಗುತ್ತಾರೆ. ಅಣಕಿಸಿಕೊಂಡವರು ಸಿಟ್ಟಾಗುವಂತಿಲ್ಲ. ಅಕ್ಕನ ಓಣಿಯೂ ಸೇರಿದ ನಮ್ಮ ಪೇಟೆಯಲ್ಲಿ ಇನ್ನೊಂದು ಪದ್ಧತಿ: ಸೋಗಿಗೆ ಏನು ಬೇಕೋ ಅದನ್ನು ಮನೆಗಳಿಂದ ಕೇಳಿ ತರಬೇಕು, ಬಾಡಿಗೆ ವೇಷ ಕೂಡದು. ಮದುಮಗಳ ಸೋಗಿಗೆ ನಿಜವಾದ ಧಾರೆ ಸೀರೆ, ವಕೀಲನ ಸೋಗಿಗೆ ನಿಜವಾದ ಕರಿ ಕೋಟು. ಹೋಳಿಗೆ ಕೇಳಿದ್ದನ್ನು ಯಾರೂ ಇಲ್ಲ ಎನ್ನುವುದಿಲ್ಲ. ಇಲ್ಲ ಅಂದರೆ ವರ್ಷವಿಡೀ ಆ ಮನೆಯವರನ್ನು ಆಡಿಕೊಳ್ಳುತ್ತಾರೆ.

ಮರುದಿನವೇ, ಹೋಳಿಗೆ ಎರಡು ದಿನ ಇರುವಾಗ, ಪೇಟೆಯ ಹುಡುಗರು ನಮ್ಮ ಮನೆಗೆ ಬಂದರು. ಹುಡುಗರು ಅಂದರೆ ನಲವತ್ತು ದಾಟಿದವರೂ ಇದ್ದರು, ಹೋಳಿಗೆ ಎಲ್ಲರೂ ಹುಡುಗರೇ. ಅವರಲ್ಲಿ ಮುಂದಾಳು ಮಿರ್ಚಿ ಭಜಿ ಅಂಗಡಿಯವನು, ದೊಡ್ಡ ಹೊಟ್ಟೆಯವನು.

"ಸರ್, ಈ ಸರ್ತಿ ನಮ್ಮ ಬಂಡಿ ನಿಮ್ಮ ಚಿತ್ರನ ನೋಡ್ರಿ. ಗೆರಿ ತಪ್ಪಂಗಿಲ್ಲ, ಹೆಂಗ ತಗದೀರಿ ಹಂಗ. ಸೇನಾಪತಿ ನಾನ."

ನಾಚಿಕೆ ಬಿಟ್ಟು ಹೇಳುತ್ತೇನೆ, ಆ ಕ್ಷಣ ನನಗಾದಷ್ಟು ಸಂತೋಷ ನಿವೃತ್ತಿಯ ದಿನ ಹಾರ ಹಾಕಿದಾಗಲೂ ಆಗಿರಲಿಲ್ಲ. ಕಾಗದದ ಮೇಲಿನ ಗೆರೆ ಎದ್ದು ಬಂಡಿ ಏರುತ್ತದೆ ಅಂದರೆ ಯಾವ ಚಿತ್ರಗಾರ ಬೇಡ ಅಂದಾನು? ಹೆಂಡತಿಗೆ ಚಹಾ ಮಾಡಲು ಕೂಗಿದೆ. ಚಹಾ ಬರುವುದರೊಳಗೆ ಭಜಿಯವನು ಇನ್ನೊಂದು ಮಾತು ಸೇರಿಸಿದ: "ಡ್ರೆಸ್ಸಿಂದೂ ಚಿಂತಿಲ್ರಿ. ನಿಮ್ಮ ಮಾಮಾರ ಕಡೆ ಕೇಳೇವಿ. ಬೂಟು, ಟೊಪಿಗಿ, ಡ್ರೆಸ್ಸು, ಎಲ್ಲಾ ಕೊಡ್ತೇನಿ ಅಂದಾರ."

ಚಹಾ ಕುಡಿಯಲಾಗಲಿಲ್ಲ. ಅವರನ್ನು ಕಳಿಸಿದವನೇ ಆಟೋ ಹಿಡಿದು ಹಳೆಯ ಊರಿಗೆ ಓಡಿದೆ.

ಮಾಮಾ ನಡುಮನೆಯಲ್ಲಿ ತಮ್ಮ ಟ್ರಂಕು ತೆರೆದು ಕೂತಿದ್ದರು. ನುಸಿಗುಳಿಗೆಯ ವಾಸನೆ ಮನೆಯೆಲ್ಲ. ಹಸಿರು ಡ್ರೆಸ್ಸನ್ನು ತೊಡೆಯ ಮೇಲಿಟ್ಟುಕೊಂಡು ಕಿಸೆಗಳಲ್ಲಿ ಕೈ ಹಾಕಿ ಏನಾದರೂ ಉಳಿದಿದೆಯೇ ಎಂದು ನೋಡುತ್ತಿದ್ದರು. ಅಕ್ಕ ಬಾಗಿಲಲ್ಲಿ ನಿಂತು ಕಣ್ಣು ಒರೆಸಿಕೊಳ್ಳುತ್ತಿದ್ದಳು.

"ಇಲ್ಲಾ ಅನ್ರಿ ಮಾಮಾ" ಎಂದೆ.

"ಹೋಳಿಗಿ ಕೇಳ್ಯಾರ. ಇಲ್ಲಾ ಅನ್ನಾಕ ಬರ್ತೈತೇನ?"

"ಹುಳಾ ತಿಂದಾವು ಅನ್ರಿ."

"ಟ್ರಂಕು ಎದುರಿಗೇ ತಗದು ತೋರಿಸಿಬಿಟ್ಟೇನಿ." ಡ್ರೆಸ್ಸನ್ನು ಮಡಚುತ್ತ, "ನಿನ್ನ ಸೇನಾಪತಿ ಪರದೇಶದವ ಇದ್ದ. ಇದನ್ನ ಹಾಕ್ಕೊಂಡ ಮ್ಯಾಲ ನಮ್ಮವ ಆಗ್ತಾನ, ಅಷ್ಟ" ಎಂದರು.

ನನಗೆ ಅದು ಅಲ್ಲಿಯವರೆಗೆ ಹೊಳೆದಿರಲಿಲ್ಲ. ಪೇಟೆಯ ಹುಡುಗರಿಗೂ ಹೊಳೆದಿರಲಿಲ್ಲ. ಅವರಿಗೆ ಮಿಲಿಟರಿ ಡ್ರೆಸ್ಸು ಅಂದರೆ ಮಿಲಿಟರಿ ಡ್ರೆಸ್ಸು, ಪೇಟೆಯಲ್ಲಿ ಇರುವುದು ಒಂದೇ, ಅದು ಮಾಮಾನ ಟ್ರಂಕಿನಲ್ಲಿದೆ. ಪದ್ಧತಿಯ ಪ್ರಕಾರ ಕೇಳಿದರು, ಪದ್ಧತಿಯ ಪ್ರಕಾರ ಅವರು ಕೊಟ್ಟರು. ಯಾರ ಮೇಲೆ ಸಿಟ್ಟು ಮಾಡುವುದು? ಅಕ್ಕನ ಮನೆಯಲ್ಲಿ ಎಲ್ಲರೂ ಆಯಿ ಎನ್ನುತ್ತಿದ್ದ ಆ ಮುದುಕಿ ಹಿತ್ತಲಲ್ಲಿ ಕಪ್ಪು ಕನ್ನಡಕ ಹಾಕಿಕೊಂಡು ಬಿಸಿಲು ಕಾಯಿಸುತ್ತಿದ್ದರು. ಅವತ್ತು ಬೆಳಿಗ್ಗೆಯೇ ಕಣ್ಣಿನ ಬಟ್ಟೆ ಬಿಚ್ಚಿದ್ದರು. ನನ್ನನ್ನು ಕಂಡು, "ನಿನ್ನ ಅಂಗಿ ನೀಲಿ ಐತೆಲ್ಲೋ!" ಎಂದು ಚಿಕ್ಕ ಮಗುವಿನ ಹಾಗೆ ಹಿಗ್ಗಿದರು.

ಅಲ್ಲಿಂದ ಪೇಟೆಯ ಹಿರಿಯರ ಹತ್ತಿರ ಹೋದೆ. ಬೇರೆ ಸೋಗು ಕಟ್ಟಿಸಿರಿ ಎಂದೆ. ಹಲಗೆ ಕಾಯಿಸುತ್ತ ಕೂತಿದ್ದವರು ನಕ್ಕರು. "ಏನ್ರಿ ಸರ್, ನಿಮ್ಮ ಚಿತ್ರಾನ ನೀವ ಬ್ಯಾಡಂತೀರಿ? ದೃಷ್ಟಿ ಆದೀತು ಅಂತೇನ?" ಕಾರಣ ಹೇಳುವಂತಿರಲಿಲ್ಲ. ಹೇಳಿದರೆ ಸಂಜೆಯೊಳಗೆ ಪೇಟೆಗೆಲ್ಲ ಗೊತ್ತಾಗಿ, ಯಾವಳೋ ಒಬ್ಬಳು ಕನಿಕರ ತೋರಿಸಲು ಹೋಗಿ ಆಯಿಯ ಮುಂದೆಯೇ ಆಡಿಬಿಟ್ಟಾಳು. ಹಾಗಾದರೆ ನಮ್ಮ ಅಕ್ಕನ ಓಣಿಗೆ ಬಂಡಿ ತರಬೇಡಿ ಎಂದೆ. ಅದಕ್ಕೆ ನಗು ನಿಂತಿತು. ಬಂಡಿ ಪೇಟೆಯ ಪ್ರತಿ ಓಣಿಗೂ ಹೋಗಬೇಕು, ಪ್ರತಿ ಮನೆಯ ಮುಂದೂ ನಿಲ್ಲಬೇಕು. ಒಂದು ಮನೆ ಬಿಟ್ಟರೆ ಅದು ಆ ಮನೆಗೆ ಮಾಡಿದ ಅವಮಾನ. ಅದರಲ್ಲೂ ಡ್ರೆಸ್ಸು ಕೊಟ್ಟ ಮನೆ! "ಅಲ್ಲೇ ಎಲ್ಲಾರಕಿಂತ ಜಾಸ್ತಿ ಹೊತ್ತು ನಿಲ್ಲಸ್ತೇವ್ರಿ, ಚಿಂತಿ ಬಿಡ್ರಿ" ಎಂದು ಅಭಯ ಕೊಟ್ಟರು. ನಾನು ಬಾಯಿ ಮುಚ್ಚಿಕೊಂಡು ಎದ್ದು ಬಂದೆ.

ಸೋಗಿನ ಸಂಜೆ ಅಕ್ಕನ ಮನೆಯಲ್ಲೇ ಇದ್ದೆ. ಆಯಿಯನ್ನು ಹಿಂದಿನ ಖೋಲಿಯಲ್ಲಿ ಕೂಡಿಸುವುದು ಎಂದು ಮಾಮಾ ಹೇಳಿದ್ದರು. ಬಣ್ಣದ ನೀರು ಕಣ್ಣಿಗೆ ಬಿದ್ದರೆ ಕೆಟ್ಟೀತು ಎಂದು ಅಕ್ಕ ಡಾಕ್ಟರ ಹೆಸರು ಹೇಳಿ ಹೆದರಿಸಿದಳು. ಆಯಿ ಒಂದಷ್ಟು ಹೊತ್ತು ಕೂತರು. ಹಲಗೆಯ ಸದ್ದು ಓಣಿಯ ತುದಿಗೆ ಬಂದದ್ದೇ ಗೋಡೆ ಹಿಡಿದುಕೊಂಡು ಎದ್ದರು.

"ಇಷ್ಟು ದಿನಾ ಕುರುಡಿ ಆಗಿ ಕುಂತಿದ್ದೆ. ಕಣ್ಣು ಬಂದ ಮ್ಯಾಲೂ ಕತ್ತಲಿ ಖೋಲ್ಯಾಗ ಕುಂದ್ರು ಅಂತೀರೇನ? ಮ್ಯಾಲಿನ ಕಿಡಕ್ಯಾಗಿಂದ ನೋಡ್ತೇನಿ, ಅಲ್ಲಿ ಬಣ್ಣಾ ಬರಂಗಿಲ್ಲ."

ತಡೆಯುವುದು ಹೇಗೆ? ಅಕ್ಕ ಮಾಮಾನ ಮುಖ ನೋಡಿದಳು, ಮಾಮಾ ನೆಲ ನೋಡಿದರು. ನಾನೇ ಕೈ ಹಿಡಿದು ಮೆಟ್ಟಿಲು ಹತ್ತಿಸಿದೆ. ಮಾಮಾ ಹಿಂದೆ ಬಂದು ಕಿಟಕಿಯ ಪಕ್ಕ, ಗೋಡೆಗೆ ಬೆನ್ನು ಹಚ್ಚಿ, ಹೊರಗೆ ಕಾಣದ ಹಾಗೆ ನಿಂತರು. ಅಷ್ಟು ವರ್ಷ ಹೊತ್ತುಕೊಂಡು ಬಂದದ್ದು ಈಗ ನನ್ನ ಒಂದು ಚಿತ್ರದಿಂದ ಕೈ ಜಾರುತ್ತದೆ, ನಾನು ಪಕ್ಕದಲ್ಲೇ ನಿಂತು ನೋಡಬೇಕು.

ಬಂಡಿ ಬಂತು. ಹುಡುಗರು ಮಾತು ಉಳಿಸಿಕೊಂಡಿದ್ದರು, ಒಂದು ಗೆರೆ ತಪ್ಪಿರಲಿಲ್ಲ. ಎತ್ತುಗಳ ಕೊಂಬಿಗೆ ರಿಬ್ಬನ್ನು, ಬಂಡಿಯ ಸುತ್ತ ಟ್ಯೂಬ್‌ಲೈಟು. ಕುರ್ಚಿಯಲ್ಲಿ ಹಿಂದುಮುಂದಾಗಿ ಭಜಿಯವನು. ಮಾಮಾನ ಡ್ರೆಸ್ಸಿನ ಗುಂಡಿ ಅವನ ಹೊಟ್ಟೆಯ ಮೇಲೆ ಕೂಡಿರಲಿಲ್ಲ. ಎದೆಯ ತುಂಬ ಸೋಡಾ ಬಾಟಲಿಯ ಮುಚ್ಚಳದ ಪದಕ, ಕೊರಳಲ್ಲಿ ಮಾಮಾನ ಬೂಟು. ಹಿಂದೆ ನಾಲ್ಕೈದು ಮಂದಿ ಮೈಯೆಲ್ಲ ತೊಯ್ಸಿಕೊಂಡು, ತಲೆಗೆ ಪುಕ್ಕ ಸಿಗಿಸಿಕೊಂಡು, ಕಟ್ಟಿಗೆಯ ಬಂದೂಕು ನೆಲಕ್ಕೆ ಎಳೆಯುತ್ತ ಕುಂಟುತ್ತಿದ್ದರು. ಓಣಿಗೆ ಓಣಿಯೇ ಹೊಟ್ಟೆ ಹಿಡಿದುಕೊಂಡು ನಗುತ್ತಿತ್ತು, ಸಿಳ್ಳೆ ಹೊಡೆಯುತ್ತಿತ್ತು.

ಆಯಿ ಕಿಟಕಿಯ ಸರಳು ಹಿಡಿದುಕೊಂಡು ನೋಡಿದರು. ಆಮೇಲೆ ಮೆಲ್ಲಗೆ, "ಇದು ನನ್ನ ಮಗನ ಡ್ರೆಸ್ಸಲ್ಲೇನ?" ಎಂದರು.

ಮಾಮಾ ಕಣ್ಣು ಮುಚ್ಚಿಕೊಂಡರು.

"ಇದ ಬಣ್ಣ. ಸೂಟಿ ಮ್ಯಾಲ ಮನಿಗೆ ಬಂದಾಗ ಇದನ್ನ ಹಾಕ್ಕೊಂಡು ಬಂದಿದ್ದ" ಎಂದು ಆಯಿ ತಾವೇ ಹೇಳಿಕೊಂಡರು. "ಬಂಡಿ ಮ್ಯಾಲ ಕುಂತಾವ ಸಾಹೇಬ ಏನ? ಎದಿ ಮ್ಯಾಲ ಎಷ್ಟು ಬಿಲ್ಲಿ ಅದಾವ ನೋಡು. ಹಿಂದಿನ ಮಂದಿಗೂ ಮುಖಾ ಕಾಣ್ಲಿ ಅಂತ ಹಂಗ ತಿರಗಿ ಕುಂತಾನ. ಪಾಪ, ಭಾಳ ನಡದಾನ, ಕಾಲು ಬಾತಾವ, ಬೂಟು ಬಿಚ್ಚಿ ಕೊರಳಿಗೆ ಹಾಕ್ಕೊಂಡಾನ." ಕೋಳಿಪುಕ್ಕದ ಸೈನಿಕರು ಕಿಟಕಿಯ ಕೆಳಗೆ ಬಂದಾಗ, "ಹುಡುಗ್ರಿಗೆ ತುರಾಯಿ ಹಾಕ್ಯಾರ!" ಎಂದರು. ಆಮೇಲೆ ಅಕ್ಕನ ಕಡೆ ತಿರುಗಿದರು. "ಬೋರ್ಡಿನ ಮ್ಯಾಲ ಏನ ಬರದಾರವಾ?"

ಅಕ್ಕ ಬೋರ್ಡು ನೋಡಿದಳು. ಸುಳ್ಳು ಹೇಳುವ ಗೋಜೇ ಇರಲಿಲ್ಲ.

"ಗೆದ್ದು ಬಂದೇವ್ರಿ ಅಂತ ಬರದಾರ ಆಯಿ."

ನಾನು ತೆಗೆದ ಒಂದೊಂದು ಗೆರೆಯೂ ನಗಿಸಲಿಕ್ಕೆ ತೆಗೆದದ್ದು. ಒಂದೊಂದನ್ನೂ ಆಕೆ ಎತ್ತಿ ಕಣ್ಣಿಗೊತ್ತಿಕೊಳ್ಳುತ್ತಿದ್ದರು. ನನಗೆ ಅಲ್ಲಿಂದ ಓಡಿಹೋಗಬೇಕೆನಿಸಿತು. ಅದಲ್ಲ ಆಯಿ, ಇದು ಅಣಕ, ಇವರೆಲ್ಲ ನಗುತ್ತಿರುವುದು ಸೋತು ಬಂದವರನ್ನು ನೋಡಿ, ಎಂದು ಹೇಳಿದರೆ ಆಕೆ ಉಳಿಯುವುದಿಲ್ಲ. ಹೇಳದೆ ನಿಂತರೆ ನನಗೆ ನಿಲ್ಲಲಾಗುತ್ತಿಲ್ಲ. ಮಾಮಾ ನನ್ನ ಮೊಣಕೈ ಗಟ್ಟಿಯಾಗಿ ಹಿಡಿದುಕೊಂಡಿದ್ದರು. ಸುಮ್ಮನಿರು ಎಂದು ಹಿಡಿದರೋ, ತಮಗೆ ಆಸರೆಗೆ ಹಿಡಿದರೋ ತಿಳಿಯಲಿಲ್ಲ.

"ಆರತಿ ತಾರವಾ" ಎಂದರು ಆಯಿ.

ಅಕ್ಕ ಮತ್ತೆ ಮಾಮಾನ ಮುಖ ನೋಡಿದಳು. ಮಾಮಾ ತಲೆಯಾಡಿಸಿದರು. ಅಕ್ಕ ಕೆಳಗಿಳಿದು ಆರತಿ ಹಚ್ಚಿ ತಂದಳು. ಆಯಿ ಮಾಮಾನ ಭುಜ ಹಿಡಿದು ಮೆಟ್ಟಿಲಿಳಿದು, ಕನ್ನಡಕ ಸರಿಮಾಡಿಕೊಂಡು, ಬಾಗಿಲಿಗೆ ಬಂದರು. ಬಂಡಿ ಪದ್ಧತಿಯಂತೆ ಮನೆಯ ಮುಂದೆ ನಿಂತಿತ್ತು. ಆರತಿ ಕಂಡು ಜನ ಇನ್ನೂ ಜೋರಾಗಿ ನಕ್ಕರು. ಮುದುಕಿಯೂ ಸೋಗಿಗೆ ಸೇರಿಕೊಂಡಳು ಎಂದುಕೊಂಡರು. "ಬೆಳಗ್ರಿ ಬೆಳಗ್ರಿ, ಸಾಹೇಬ್ರಿಗಿ ಬೆಳಗ್ರಿ!" ಎಂದು ಯಾರೋ ಕೂಗಿದರು. ಅಕ್ಕ ಆರತಿ ಬೆಳಗಿದಳು. ಆಯಿ ಉಡಿಯಿಂದ ವಿಭೂತಿ ಗಟ್ಟಿ ತೆಗೆದು, ಬಂಡಿಯ ಅಂಚಿಗೆ ಬಾಗಿದ್ದ ಭಜಿಯವನ ಬಣ್ಣ ಬಳಿದ ಹಣೆಗೆ ಹಚ್ಚಿದರು. ಅವನು ಓಣಿಯುದ್ದಕ್ಕೂ ಹೇಳಿಕೊಂಡು ಬಂದಿದ್ದ ನಗೆಮಾತೊಂದನ್ನು ಹೇಳಲು ಬಾಯಿ ತೆರೆದ. ಆಯಿಯ ಹಿಂದೆ ನಿಂತಿದ್ದ ಮಾಮಾನ ಮುಖ ಕಂಡಿತು. ಬಾಯಿ ಮುಚ್ಚಿದ.

"ಎಲ್ಲಾರೂ ಹೊಳ್ಳಿ ಬಂದ್ರೇನಪಾ?" ಎಂದು ಆಯಿ ಅವನನ್ನು ಕೇಳಿದರು.

ಅವನಿಗೆ ಏನು ಅರ್ಥವಾಯಿತೋ. "ಹೂಂನ್ರಿ ಆಯಿ, ಎಲ್ಲಾರೂ ಬಂದೇವ್ರಿ" ಎಂದ, ತಗ್ಗಿದ ದನಿಯಲ್ಲಿ.

"ಒಬ್ಬಾವ ಬರಲಿಲ್ಲಪಾ. ನಿಮ್ಮ ಜೋಡಿನ ಇದ್ದ." ತಪ್ಪು ತಿದ್ದುವವರ ಹಾಗೆ ಹೇಳಿದರು, ದೂರಿನ ದನಿಯಿರಲಿಲ್ಲ. ಹಲಗೆಯವರು ಕೈ ನಿಲ್ಲಿಸಿದ್ದರು. ಓಣಿಯ ಹಿಂದಿನ ತುದಿಯವರಿಗೆ ಏನೂ ಕೇಳಿಸದೆ ಇನ್ನೂ ನಗುತ್ತಲೇ ಇದ್ದರು. ಯಾರೋ ಎತ್ತಿನ ಬಾಲ ಮುಟ್ಟಿದರು, ಬಂಡಿ ಮುಂದೆ ಹೋಯಿತು.

ಒಳಗೆ ಬಂದು ಆಯಿ ನಡುಮನೆಯಲ್ಲಿ ಕೂತರು. ಅವರ ಮುಖದ ಮೇಲಿದ್ದಂಥ ತೃಪ್ತಿಯನ್ನು ನನ್ನಿಂದ ಯಾವ ಕಾಲಕ್ಕೂ ಚಿತ್ರದಲ್ಲಿ ತೆಗೆಯಲಾಗದು. "ಅವತ್ತ ಯಾರೂ ಮೆರವಣಿಗಿ ತಗೀಲಿಲ್ಲ" ಎಂದರು. "ಗೆದ್ದು ಬಂದವ್ರಿಗೆ ಯಾಕ ಮೆರವಣಿಗಿ ಇಲ್ಲ ಅಂತ ನನಗ ಭಾಳ ದಿನಾ ಅನಸ್ತಿತ್ತು. ಕೇಳಾಕ ಬಾಯಿ ಬರಲಿಲ್ಲ. ಈಗಾರ ಊರು ನೆನಸ್ತು. ಯಾರು ಮಾಡಿಸಿದ್ರಪಾ ಇದನ್ನ?"

ಮಾಮಾ ನನ್ನ ಕಡೆ ನೋಡಲಿಲ್ಲ. "ಇವನೇ, ಆಯಿ. ಇವನೇ ಚಿತ್ರಾ ತಗದು ಕೊಟ್ಟಿದ್ದ" ಎಂದರು.

ಆಯಿ ಕೈ ಚಾಚಿದರು. ನಾನು ಹತ್ತಿರ ಹೋಗಿ ಕೂತೆ. ನನ್ನ ಹಣೆಗೂ ವಿಭೂತಿ ಹಚ್ಚಿ, ಎರಡೂ ಕೆನ್ನೆ ಸವರಿ, ದೃಷ್ಟಿ ತೆಗೆದು ಲಟಿಕೆ ಮುರಿದರು. ಮಗ್ಗದಲ್ಲಿ ಸವೆದ ಬೆರಳು ಒರಟಾಗಿದ್ದವು.

"ಮುಂದಿನ ವರ್ಷನೂ ತಗೀತಿ ಅಲ್ಲೇನೋ? ಆ ಬೋರ್ಡಿನ ಮ್ಯಾಲ ನನ್ನ ಮಗನ ಹೆಸರು ಬರಿ. ದೊಡ್ಡ ಅಕ್ಷರದಾಗ ಬರಿ, ಎಲ್ಲಾರಿಗೂ ಕಾಣ್ಲಿ. ನಾ ಬರ್ತೇನಿ ನೋಡಾಕ."

ಮಾಮಾ ಖಾಲಿ ಟ್ರಂಕಿನ ಮುಚ್ಚಳ ಹಾಕುತ್ತಿದ್ದವರು ಹಾಗೇ ನಿಂತರು. ಅಕ್ಕ ಅಡುಗೆಮನೆಗೆ ಹೋಗಿಬಿಟ್ಟಳು. ಆಯಿ ನನ್ನ ಕೈ ಬಿಡದೆ, ಹೊಸ ಕಣ್ಣಿನಿಂದ ನನ್ನ ಮುಖವನ್ನೇ ನೋಡುತ್ತ, ಉತ್ತರಕ್ಕೆ ಕಾಯುತ್ತಿದ್ದರು.

"ಹೂಂ ಆಯಿ, ಬರಸ್ತೇನಿ" ಎಂದೆ.